ಮೂರು ದಿನ ನಿಂತರೆ ಬ್ಯಾಟರಿ ಖಾಲಿ: ಕಡಲ ಬದಿಯ 1998ರ ಮಾರುತಿ 800ರ ವಿದ್ಯುತ್ ದೋಷ

ಪಡುಕೆರೆ ನಿವಾಸಿ, ಜುಲೈ 3

ಎಲ್ಲರಿಗೂ ನಮಸ್ಕಾರ. 1998ರಲ್ಲಿ ತಂದೆಯವರು ಹೊಸದಾಗಿ ಕೊಂಡ, ಕಾರ್ಬುರೇಟರ್ ಇರುವ ಮಾರುತಿ 800 ನಮ್ಮ ಮನೆಯಲ್ಲಿದೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಎಂಜಿನ್ ಇಂದಿಗೂ ತಕರಾರಿಲ್ಲದೆ ಓಡುತ್ತದೆ. ತಿಂಗಳಿಗೆ ಎರಡು ಬಾರಿಯಾದರೂ ಅದರಲ್ಲೇ ಮಂಗಳೂರಿಗೆ ಹೋಗಿ ಬರುತ್ತೇನೆ. ತೊಂದರೆ ಇರುವುದು ವಿದ್ಯುತ್ ವ್ಯವಸ್ಥೆಯಲ್ಲಿ. ನಮ್ಮ ಮನೆ ಮಲ್ಪೆಯ ಪಡುಕೆರೆಯಲ್ಲಿದ್ದು, ಕಡಲಿಗೂ ಕಾರು ನಿಲ್ಲಿಸುವ ಶೆಡ್ಡಿಗೂ ನಡುವೆ ಒಂದು ತೆಂಗಿನ ತೋಟ ಮಾತ್ರ ಇದೆ. ರೋಗಪತ್ತೆಗೆ ಬೇಕಾದೀತೆಂದು ಇದನ್ನು ಮೊದಲೇ ಹೇಳುತ್ತಿದ್ದೇನೆ.

ಮೊದಲ ತೊಂದರೆ: ಕಾರನ್ನು ಮೂರು ದಿನ ಮುಟ್ಟದೆ ಬಿಟ್ಟರೆ ನಾಲ್ಕನೆಯ ದಿನ ಸೆಲ್ಫ್ (ಎಂಜಿನ್ ಚಾಲೂ ಮಾಡುವ ಮೋಟಾರ್) ಹೊಡೆಯುವುದಿಲ್ಲ, ಕೀಲಿ ತಿರುಗಿಸಿದರೆ ಟಕ್ ಎಂಬ ಒಂದು ಶಬ್ದ ಮಾತ್ರ ಬರುತ್ತದೆ. ಎರಡನೆಯದಾಗಿ, ರಾತ್ರಿ ಮಳೆಯಲ್ಲಿ ಹೆಡ್‌ಲೈಟ್, ವೈಪರ್ ಮತ್ತು ಬ್ಲೋವರ್ ಮೂರನ್ನೂ ಒಟ್ಟಿಗೆ ಹಾಕಿದರೆ ಬೆಳಕು ಹಳದಿಗೆ ತಿರುಗುತ್ತದೆ, ವೈಪರ್ ತೆವಳುತ್ತದೆ. ಮೂರನೆಯದು ನನಗೆ ತೀರಾ ವಿಚಿತ್ರವಾಗಿ ಕಂಡದ್ದು: ಕತ್ತಲಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಡ್ಯಾಶ್‌ಬೋರ್ಡಿನಲ್ಲಿರುವ ಎಡ ಇಂಡಿಕೇಟರಿನ ಬಾಣ ಮಂದವಾಗಿ ಬೆಳಗುತ್ತದೆ, ಕಾಲು ತೆಗೆದರೆ ಆರುತ್ತದೆ.

ಎರಡು ವರ್ಷಗಳಲ್ಲಿ ಎರಡು ಬ್ಯಾಟರಿ ಬದಲಾಗಿದೆ. ಈಗಿರುವ 35 ಆಂಪಿಯರ್-ಅವರ್ ಬ್ಯಾಟರಿಗೆ ಐದೇ ತಿಂಗಳು. ನಾನು ತೋರಿಸಿದ ಗ್ಯಾರೇಜಿನವರು ವೈರಿಂಗ್ ಪೂರ್ತಿ ಕಿತ್ತು ಹೊಸದು ಹಾಕಬೇಕೆಂದು ಹೇಳಿದ್ದಾರೆ. ಒಪ್ಪಿಕೊಳ್ಳಲು ಮನಸ್ಸು ಬರುತ್ತಿಲ್ಲ. ನನ್ನ ಬಳಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಒಂದಿದೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ಹೇಳಬೇಕು.

ಕಾರ್ಕಳ ಪದ್ಮಿನಿ, ಜುಲೈ 3

ವೈರಿಂಗ್ ಕೀಳಿಸಬೇಡಿ. ಹಳೆಯ ಕಾರಿನಲ್ಲಿ ಕಾರ್ಖಾನೆಯಲ್ಲಿ ಕಟ್ಟಿದ ವೈರಿಂಗ್ ಅರ್ಧ ಹಾಳಾಗಿದ್ದರೂ ಅದರ ಬಣ್ಣದ ಗುರುತುಗಳು ಉಳಿದಿರುತ್ತವೆ; ಕಿತ್ತು ಹೊಸದು ಹಾಕಿದ ಮೇಲೆ ಯಾವ ತಂತಿ ಎಲ್ಲಿಗೆ ಹೋಗುತ್ತದೆಂಬುದು ಹಾಕಿದವರಿಗೆ ಮಾತ್ರ ಗೊತ್ತಿರುತ್ತದೆ, ಅವರು ಊರು ಬಿಟ್ಟರೆ ಅದೂ ಇಲ್ಲ.

ನನ್ನ ಅನುಭವ ಒಂದನ್ನು ಹೇಳುತ್ತೇನೆ. ನನ್ನ ಪ್ರೀಮಿಯರ್ ಪದ್ಮಿನಿಯಲ್ಲಿ ಒಂದು ಮಳೆಗಾಲ ಪೂರ್ತಿ ಆಕ್ಸಿಲರೇಟರ್ ಕೇಬಲ್ ಬಿಗಿಯಾಗುತ್ತಿತ್ತು. ಎರಡು ಸಲ ಕೇಬಲ್ ಬದಲಿಸಿದೆ. ಕೊನೆಗೆ ಒಂದು ದಿನ ಸೆಲ್ಫ್ ಹೊಡೆಯುತ್ತಿರುವಾಗಲೇ ಮಗ ಕೇಬಲ್ ಮುಟ್ಟಿ ಕೈ ಸುಟ್ಟುಕೊಂಡ. ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಅರ್ಥಿಂಗ್ ಪಟ್ಟಿ, ಅಂದರೆ ಕರೆಂಟು ಬ್ಯಾಟರಿಯ ಮೈನಸ್‌ಗೆ ಹಿಂದಿರುಗುವ ದಾರಿ, ತುಕ್ಕು ಹಿಡಿದು ತುಂಡಾಗಿತ್ತು. ಸೆಲ್ಫ್ ಮೋಟಾರಿನ ಅಷ್ಟೂ ಕರೆಂಟು ಹಿಂದಿರುಗಲು ಬೇರೆ ದಾರಿಯಿಲ್ಲದೆ ಆ ತೆಳು ಕೇಬಲ್ಲಿನ ಮೂಲಕ ಹರಿಯುತ್ತಿತ್ತು. ಅಂದಿನಿಂದ ನಮ್ಮ ಕರಾವಳಿಯಲ್ಲಿ ಯಾವ ಹಳೆಯ ಕಾರಿನ ವಿದ್ಯುತ್ ತೊಂದರೆಯನ್ನು ಕೇಳಿದರೂ ನಾನು ಮೊದಲು ಅರ್ಥಿಂಗ್ ನೋಡಿ ಎನ್ನುತ್ತೇನೆ.

ಓಮ್ ನಿಯಮ, ಜುಲೈ 4

ಹಿರಿಯರು ಹೇಳಿದ್ದು ಸರಿ. ಆದರೆ ಪಡುಕೆರೆಯವರೇ, ನಿಮ್ಮ ಮೂರು ಲಕ್ಷಣಗಳನ್ನು ಒಂದೇ ರೋಗವೆಂದು ಭಾವಿಸಿದರೆ ನೀವು ದಾರಿ ತಪ್ಪುವ ಸಾಧ್ಯತೆ ಹೆಚ್ಚು. ಕೆಟ್ಟ ಅರ್ಥಿಂಗ್ ಕರೆಂಟನ್ನು ತಡೆಯುತ್ತದೆಯೇ ಹೊರತು ನಿಂತ ಕಾರಿನ ಬ್ಯಾಟರಿಯನ್ನು ಬರಿದು ಮಾಡುವುದಿಲ್ಲ. ಆದ್ದರಿಂದ ಮಂದ ಬೆಳಕು ಮತ್ತು ಬ್ಯಾಟರಿ ಸೋರಿಕೆ (ನಿಂತ ಕಾರಿನಲ್ಲೂ ಕರೆಂಟು ಹರಿದುಹೋಗುವುದು) ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು. ಇಂಡಿಕೇಟರ್ ಬಾಣದ್ದು ಮೂರನೆಯ ವಿಷಯ; ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಬ್ಯಾಟರಿಯನ್ನು ಹೊರಗೆ ಕೊಟ್ಟು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಸುಮ್ಮನೆ ಇರಿಸಿ, ವೋಲ್ಟೇಜ್ ನೋಡಿ. ಆರೋಗ್ಯವಾಗಿರುವ ಬ್ಯಾಟರಿ 12.6ರ ಆಸುಪಾಸಿನಲ್ಲಿರುತ್ತದೆ; 12.0ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಖಾಲಿಯಾಗಿದೆ ಎಂದೇ ಅರ್ಥ. ಈ ಹೆಜ್ಜೆಯನ್ನು ಬಿಟ್ಟು ಮುಂದಿನ ಯಾವ ಅಳತೆಯನ್ನು ಮಾಡಿದರೂ ಅದಕ್ಕೆ ಬೆಲೆಯಿಲ್ಲ.

ಅನಂತರ ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲವನ್ನೂ ಹಾಕಿ, ವೇಗವನ್ನು ಐಡಲ್‌ಗಿಂತ ತುಸು ಮೇಲೆ ಇರಿಸಿಕೊಂಡು, ನಾಲ್ಕು ಅಳತೆ ತೆಗೆದುಕೊಳ್ಳಿ: ಎಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ದಪ್ಪ ತಂತಿಯ ನಟ್ಟಿಗೂ ಆಲ್ಟರ್ನೇಟರಿನ ಮೈಗೂ ನಡುವೆ, ಬ್ಯಾಟರಿಯ ಎರಡು ಕಂಬಗಳ ನಡುವೆ, ಬ್ಯಾಟರಿಯ ಮೈನಸ್ ಕಂಬಕ್ಕೂ ಕಾರಿನ ಬಾಡಿಯ ಹೊಳೆಯುವ ಒಂದು ಬೋಲ್ಟಿಗೂ ನಡುವೆ, ಹೆಡ್‌ಲೈಟ್ ಬಲ್ಬಿನ ಹಿಂಬದಿಯ ಪಿನ್ನುಗಳ ನಡುವೆ. ಮೂರನೆಯ ಅಳತೆ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ಅರ್ಧ ವೋಲ್ಟ್ ಕಂಡರೂ ಅಷ್ಟು ವೋಲ್ಟೇಜ್ ಒಂದು ತುಕ್ಕು ಹಿಡಿದ ಜೋಡಣೆಯನ್ನು ಬಿಸಿ ಮಾಡಲು ಖರ್ಚಾಗುತ್ತಿದೆ ಎಂದು ತಿಳಿಯಿರಿ. ಓಮ್ ಮೀಟರಿನಿಂದ ಅರ್ಥಿಂಗ್ ನೋಡಿದರೆ ಇದು ಸಿಗುವುದಿಲ್ಲ. ಹತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದ ತಂತಿಯೂ ಓಮ್ ಮೀಟರಿನ ಅತ್ಯಲ್ಪ ಕರೆಂಟಿಗೆ ಸಲೀಸಾಗಿ ದಾರಿ ಕೊಡುತ್ತದೆ. ಭಾರ ಹೊರಿಸಿದಾಗ, ಅಂದರೆ ಹೆಚ್ಚು ಕರೆಂಟು ಹರಿಸಿದಾಗ ಮಾತ್ರ ಅದರ ದೌರ್ಬಲ್ಯ ಹೊರಬೀಳುತ್ತದೆ.

ಸೋರಿಕೆ ಅಳೆಯಲು ಕಾರನ್ನು ಆರಿಸಿ, ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಕ್ಲ್ಯಾಂಪನ್ನು ಬಿಚ್ಚಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರನ್ನು ಸೇರಿಸಬೇಕು. ಕೆಂಪು ತಂತಿಯನ್ನು ಮೀಟರಿನ 10 ಆಂಪಿಯರ್ ತೂತಿಗೆ ಬದಲಾಯಿಸಲು ಮರೆಯಬೇಡಿ. ಮೀಟರ್ ಹೀಗೆ ಸೇರಿಕೊಂಡಿರುವಾಗ ಯಾವ ಕಾರಣಕ್ಕೂ ಸೆಲ್ಫ್ ಹೊಡೆಯಬಾರದು. ಕೈಯ ಉಂಗುರ, ಲೋಹದ ಗಡಿಯಾರಗಳನ್ನು ತೆಗೆದಿಟ್ಟು ಕೆಲಸಕ್ಕೆ ಇಳಿಯಿರಿ.

ಸುರತ್ಕಲ್ ಜೆನ್, ಜುಲೈ 4

ಮೇಲಿನ ಎಚ್ಚರಿಕೆಗೆ ನಾನೇ ಸಾಕ್ಷಿ. ನನ್ನ ಜೆನ್ ಕಾರಿನ ಸೋರಿಕೆಯನ್ನು ಅಳೆಯುತ್ತಿದ್ದಾಗ ಮನೆಯವರು ಕಾರು ಸರಿಹೋಯಿತೆಂದು ಭಾವಿಸಿ ಕೀಲಿ ತಿರುಗಿಸಿದರು. ಮೀಟರಿನ ಒಳಗಿನ ಫ್ಯೂಸ್ ಕ್ಷಣದಲ್ಲಿ ಹೋಯಿತು. ಅದಾದ ಮೇಲೆ ಎರಡು ದಿನ ಮೀಟರ್ ಸೊನ್ನೆ ತೋರಿಸುತ್ತಿದ್ದುದನ್ನು ನೋಡಿ ಸೋರಿಕೆಯೇ ಇಲ್ಲವೆಂದು ನಂಬಿದ್ದೆ. ಆದ್ದರಿಂದ ಸೊನ್ನೆ ಕಂಡರೆ ಮೊದಲು ಬಾಗಿಲು ತೆರೆದು ಒಳಗಿನ ದೀಪ ಹೊತ್ತಿಸಿ, ಅಂಕೆ ಏರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಪಡುಕೆರೆ ನಿವಾಸಿ, ಜುಲೈ 7

ಭಾನುವಾರ ಮಳೆ ಬಿಟ್ಟಿತ್ತು. ಅಳತೆಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ಚಾರ್ಜ್ ಮಾಡಿಸಿ ರಾತ್ರಿಯಿಡೀ ಇರಿಸಿದ ಬ್ಯಾಟರಿ 12.65 ವೋಲ್ಟ್ ತೋರಿಸಿತು. ಎಂಜಿನ್ ಓಡುತ್ತಿದ್ದು ಎಲ್ಲ ಭಾರವೂ ಇರುವಾಗ ಆಲ್ಟರ್ನೇಟರಿನಲ್ಲಿ 13.8, ಬ್ಯಾಟರಿ ಕಂಬಗಳಲ್ಲಿ 13.6, ಮೈನಸ್ ಕಂಬಕ್ಕೂ ಬಾಡಿಗೂ ನಡುವೆ 0.9, ಹೆಡ್‌ಲೈಟ್ ಪಿನ್ನುಗಳಲ್ಲಿ 12.2.

ಸೋರಿಕೆಯ ಅಳತೆಯಲ್ಲಿ ಮೊದಲು 0.80 ಆಂಪಿಯರ್ ಬಂದು ಗಾಬರಿಯಾಯಿತು. ಆಮೇಲೆ ನೋಡಿದರೆ ಚಾಲಕನ ಬಾಗಿಲು ತೆರೆದೇ ಇತ್ತು, ಒಳಗಿನ ದೀಪ ಉರಿಯುತ್ತಿತ್ತು. ಬಾಗಿಲ ಗುಂಡಿಯನ್ನು ಒತ್ತಿಹಿಡಿದಾಗ 0.40ಕ್ಕೆ ಇಳಿಯಿತು. ಸ್ಟೀರಿಯೋ ಫ್ಯೂಸ್ ತೆಗೆದರೆ 0.38. ಅನಂತರ ಒಂದೊಂದಾಗಿ ಎಲ್ಲ ಫ್ಯೂಸುಗಳನ್ನೂ ತೆಗೆದೆ. ಪೆಟ್ಟಿಗೆ ಬರಿದಾದರೂ ಮೀಟರ್ 0.38ರಿಂದ ಕದಲಲಿಲ್ಲ. ಯಾವ ಫ್ಯೂಸೂ ಇಲ್ಲದ ಕಾರು ಕರೆಂಟು ಕುಡಿಯುವುದು ಹೇಗೆಂದು ನನಗೆ ಅರ್ಥವಾಗುತ್ತಿಲ್ಲ.

ಓಮ್ ನಿಯಮ, ಜುಲೈ 7

ಬಹಳ ಶ್ರದ್ಧೆಯಿಂದ ಅಳೆದಿದ್ದೀರಿ. ಈ ಅಂಕೆಗಳೇ ಅರ್ಧ ಉತ್ತರವನ್ನು ಹೇಳುತ್ತಿವೆ.

ಮೊದಲು ಸೋರಿಕೆಯ ಲೆಕ್ಕ ನೋಡೋಣ. 0.38 ಆಂಪಿಯರ್ ದಿನಕ್ಕೆ 24 ಗಂಟೆ ಹರಿದರೆ ಸುಮಾರು 9 ಆಂಪಿಯರ್-ಅವರ್; ಮೂರು ದಿನಕ್ಕೆ 27. ನಿಮ್ಮ ಬ್ಯಾಟರಿ ಹೊಸದಾಗಿದ್ದಾಗಲೇ ಇದ್ದದ್ದು 35. ನಾಲ್ಕನೆಯ ದಿನ ಟಕ್ ಎಂಬ ಶಬ್ದ ಮಾತ್ರ ಬರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಪದೇಪದೇ ಹೀಗೆ ತಳ ಮುಟ್ಟಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದರ ಆಯುಷ್ಯವೂ ಕುಗ್ಗುತ್ತದೆ. ಬ್ಯಾಟರಿಗಳು ಸತ್ತದ್ದು ಈ ಸೋರಿಕೆಯ ಪರಿಣಾಮವೇ ಇರಬೇಕು. ನಿಮ್ಮದರಂತಹ, ಕಂಪ್ಯೂಟರ್ ಇಲ್ಲದ ಕಾರಿನಲ್ಲಿ ಸ್ಟೀರಿಯೋ ನೆನಪಿಗೆಂದು ಹರಿಯುವ 0.02 ಆಂಪಿಯರ್ ಬಿಟ್ಟರೆ ಬೇರೇನೂ ಇರಬಾರದು.

ಫ್ಯೂಸ್ ಪೆಟ್ಟಿಗೆ ಬರಿದಾದರೂ ಕರೆಂಟು ಹರಿಯುತ್ತಿದೆಯೆಂದರೆ ಆ ಪೆಟ್ಟಿಗೆಯ ಮೂಲಕ ಹಾದುಹೋಗದ ದಾರಿಯಲ್ಲಿ ಸೋರಿಕೆ ಇದೆ. ಬ್ಯಾಟರಿಯ ಪ್ಲಸ್‌ನಿಂದ ಪೆಟ್ಟಿಗೆಯನ್ನು ಬಿಟ್ಟು ಹೊರಡುವ ದಪ್ಪ ತಂತಿಗಳು ಮುಖ್ಯವಾಗಿ ಎರಡು: ಸೆಲ್ಫ್ ಮೋಟಾರಿಗೆ ಒಂದು, ಆಲ್ಟರ್ನೇಟರಿಗೆ ಒಂದು. ಆಲ್ಟರ್ನೇಟರಿನ ಒಳಗೆ ಮೂರು ಫೇಸಿನ ಎಸಿಯನ್ನು ಡಿಸಿಯಾಗಿ ಮಾಡುವ ಡಯೋಡುಗಳಿವೆ. ನಿಂತ ಕಾರಿನಲ್ಲಿ ಬ್ಯಾಟರಿಯ ಕರೆಂಟು ಹಿಮ್ಮುಖವಾಗಿ ಹರಿಯದಂತೆ ತಡೆಯುವುದೂ ಅವೇ. ಅವು ಸೋರತೊಡಗಿದರೆ ಬಾಗಿಲು ಕಾಯುವವನೇ ಬಾಗಿಲು ತೆರೆದಿಟ್ಟಂತೆ.

ಒಂದು ಕೆಲಸ ಮಾಡಿ. ರಾತ್ರಿ ಕಾರನ್ನು ನಿಲ್ಲಿಸಿ, ಬೆಳಗ್ಗೆ ಎಂಜಿನ್ ಚಾಲೂ ಮಾಡುವ ಮೊದಲು ಆಲ್ಟರ್ನೇಟರಿನ ಹಿಂಬದಿಯನ್ನು ಕೈಯಿಂದ ಮುಟ್ಟಿ ನೋಡಿ. 0.38 ಆಂಪಿಯರ್ ಎಂದರೆ ನಾಲ್ಕೂವರೆ ವ್ಯಾಟಿನಷ್ಟು ಶಾಖ. ಅನಂತರ ಬ್ಯಾಟರಿಯ ಮೈನಸ್ ಬಿಚ್ಚಿ, ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ, ಅದರ ತುದಿಗೆ ಟೇಪ್ ಸುತ್ತಿ, ಮತ್ತೆ ಸೋರಿಕೆ ಅಳೆಯಿರಿ.

ಇನ್ನು ಬೆಳಕಿನ ವಿಷಯ. ಚಾರ್ಜಿಂಗ್ ಸರಿಯಾಗಿದೆ. ಬಾಡಿಯ ಅರ್ಥಿಂಗಿನಲ್ಲಿ 0.9, ಸ್ವಿಚ್ಚು ಮತ್ತು ತಂತಿಗಳಲ್ಲಿ 0.5 ಕಳೆದುಹೋಗುತ್ತಿವೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸರಿಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಕಡಿದಾಗಿ ಇಳಿಯುತ್ತದೆ, 13.8ರ ಬದಲು 12.2 ಸಿಕ್ಕಿದರೆ ಮೂರನೇ ಒಂದು ಪಾಲು ಬೆಳಕು ಹೋಯಿತೆಂದೇ ಲೆಕ್ಕ. ಮಳೆಯಲ್ಲಿ ಹೆದ್ದಾರಿ 66ರ ಮೇಲೆ ಎದುರಿನ ಬಸ್ಸಿನ ಬೆಳಕು ಕಣ್ಣಿಗೆ ಹೊಡೆಯುವಾಗ ಆ ಮೂರನೇ ಒಂದು ಪಾಲು ಎಷ್ಟು ಮುಖ್ಯವೆಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ.

ಸುರತ್ಕಲ್ ಜೆನ್, ಜುಲೈ 7

ಬೆಳಕು ಕಡಿಮೆಯೆಂದು 100 ವ್ಯಾಟಿನ ಬಲ್ಬು ಹಾಕಿಸುವ ಸಲಹೆಯನ್ನು ನಿಮಗೂ ಯಾರಾದರೂ ಕೊಟ್ಟಾರು. ದಯವಿಟ್ಟು ಹಾಕಿಸಬೇಡಿ. 60/55 ವ್ಯಾಟಿಗೆಂದು ಮಾಡಿದ ತಂತಿ ಮತ್ತು ಸ್ವಿಚ್ಚಿನಲ್ಲಿ ಹೆಚ್ಚು ಕರೆಂಟು ಹರಿದರೆ ವೋಲ್ಟೇಜ್ ಇನ್ನಷ್ಟು ಕುಸಿಯುತ್ತದೆ. ನನ್ನ ಕಾರಿನ ಬಲ್ಬು ಹಿಡಿಯುವ ಪ್ಲಾಸ್ಟಿಕ್ ಕಂದಿ ಕರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಟಪಾಡಿಯ ವೈರ್‌ಮನ್, ಜುಲೈ 8

ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ, ಈಗ ಕಣ್ಣು ಸ್ವಲ್ಪ ಮಂಜಾಗಿರುವುದರಿಂದ ಮಗನೇ ಹೆಚ್ಚು ನೋಡಿಕೊಳ್ಳುತ್ತಾನೆ. ಓಮ್ ನಿಯಮ ಮೇಷ್ಟ್ರು ಬರೆದದ್ದೆಲ್ಲ ಸರಿಯಿದೆ. ನಾನು ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಗ್ಯಾರೇಜಿನವರು ಡೈನಮೋ ಚಾರ್ಜ್ ಮಾಡುತ್ತದೆಯೇ ಎಂದು ನೋಡಲು, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕ್ಲ್ಯಾಂಪ್ ಎತ್ತಿ ನೋಡಿದರೇ?

ಈ ಅಭ್ಯಾಸ ನಮ್ಮ ಕಡೆ ಬಹಳವಾಗಿದೆ. ಅಂಬಾಸಿಡರ್, ಫಿಯೆಟ್ ಕಾರುಗಳಿಗೆ ನಿಜವಾದ ಡೈನಮೋ ಮತ್ತು ಕಟೌಟ್ (ಬ್ಯಾಟರಿಯ ಕರೆಂಟು ಡೈನಮೋಗೆ ಹಿಂದಿರುಗದಂತೆ ತಡೆಯುವ ಸ್ವಿಚ್ಚು) ಇದ್ದ ಕಾಲದಿಂದ ಅದು ಉಳಿದು ಬಂದಿದೆ. ಆಲ್ಟರ್ನೇಟರ್ ಬಂದ ಮೇಲೂ ಹೆಸರು ಡೈನಮೋ ಎಂದೇ ಉಳಿಯಿತು, ಪರೀಕ್ಷೆಯೂ ಹಾಗೆಯೇ ಉಳಿಯಿತು. ಬ್ಯಾಟರಿ ಎನ್ನುವುದು ವೋಲ್ಟೇಜಿನ ಏರಿಳಿತವನ್ನು ನುಂಗಿಕೊಳ್ಳುವ ಕೆರೆಯಿದ್ದಂತೆ. ಓಡುವಾಗ ಅದನ್ನು ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಆ ಹೊಡೆತಕ್ಕೆ ಡಯೋಡು ಮತ್ತು ರೆಗ್ಯುಲೇಟರ್ ಏಟು ತಿನ್ನುತ್ತವೆ. ಅಂದೇ ಸಾಯದೆ ಸೋರುತ್ತಾ ಬದುಕಿರುವುದೂ ಉಂಟು. ಇಂದು ನನ್ನ ಬಳಿ ಕಲಿಯುವ ಹುಡುಗರಿಗೆ ಮೊದಲ ದಿನವೇ ಹೇಳುವ ಮಾತು ಇದು: ಎಂಜಿನ್ ಓಡುವಾಗ ಬ್ಯಾಟರಿಗೆ ಕೈ ಹಾಕಬೇಡಿ, ಮೀಟರ್ ಇಟ್ಟು ನೋಡಿ.

ಇಂಡಿಕೇಟರ್ ಬಾಣ ಬೆಳಗುವುದಕ್ಕೆ ಕಾರಣ ಹಿಂದಿನ ಎಡದ ಲೈಟಿನ ಅರ್ಥಿಂಗ್. ಡಿಕ್ಕಿಯ ಒಳಗಿನಿಂದ ಬಲ್ಬು ಹಿಡಿಯುವ ತಟ್ಟೆಯನ್ನು ತೆಗೆದರೆ ಕಪ್ಪು ತಂತಿ ಕಾಣುತ್ತದೆ. ಅದು ಬಾಡಿಗೆ ಸೇರುವ ಸ್ಕ್ರೂವನ್ನು ನೋಡಿ.

ಓಮ್ ನಿಯಮ, ಜುಲೈ 8

ವೈರ್‌ಮನ್ ಅಣ್ಣನವರು ಹೇಳಿದ್ದಕ್ಕೆ ಕಾರಣವನ್ನು ಸೇರಿಸುತ್ತೇನೆ. ಹಿಂದಿನ ದೀಪದ ಒಂದೇ ಗೂಡಿನಲ್ಲಿ ಬ್ರೇಕ್, ಪಾರ್ಕಿಂಗ್ ಮತ್ತು ಇಂಡಿಕೇಟರ್ ಬಲ್ಬುಗಳಿದ್ದು, ಮೂರಕ್ಕೂ ಸೇರಿ ಒಂದೇ ಅರ್ಥಿಂಗ್ ತಂತಿಯಿರುತ್ತದೆ. ಆ ತಂತಿ ಕಡಿದಾಗ ಬ್ರೇಕ್ ಬಲ್ಬನ್ನು ದಾಟಿ ಬಂದ ಕರೆಂಟು ಬಾಡಿಗೆ ಇಳಿಯಲಾರದೆ, ಪಕ್ಕದ ಇಂಡಿಕೇಟರ್ ಬಲ್ಬಿನ ಒಳಗೆ ಹಿಂಬಾಗಿಲಿನಿಂದ ನುಗ್ಗಿ, ಅದರ ತಂತಿಯ ಮೂಲಕ ಮುಂದಿನ ಎಡ ಇಂಡಿಕೇಟರಿಗೂ ಡ್ಯಾಶ್‌ಬೋರ್ಡಿನ ಬಾಣಕ್ಕೂ ಹರಿದು, ಅಲ್ಲಿ ಬಾಡಿಯನ್ನು ಸೇರುತ್ತದೆ. ಆದ್ದರಿಂದಲೇ ಬಾಣ ಮಂದವಾಗಿ ಬೆಳಗುತ್ತದೆ. ಇದರ ಅರ್ಥ ನಿಮ್ಮ ಎಡ ಬ್ರೇಕ್ ಲೈಟ್ ಸರಿಯಾಗಿ ಹೊತ್ತುತ್ತಿಲ್ಲ ಎಂಬುದು. ಹಿಂದೆ ಬರುವವರ ದೃಷ್ಟಿಯಿಂದ ಈ ಮೂರರಲ್ಲಿ ಇದನ್ನೇ ಮೊದಲು ಸರಿಪಡಿಸಬೇಕು. ಬ್ರೇಕ್ ಒತ್ತಿಸಿ, ಗೂಡಿನ ಅರ್ಥಿಂಗ್ ಪಿನ್ನಿಗೂ ಡಿಕ್ಕಿಯ ಬರಿ ಲೋಹಕ್ಕೂ ನಡುವೆ ವೋಲ್ಟೇಜ್ ನೋಡಿ.

ಪಡುಕೆರೆ ನಿವಾಸಿ, ಜುಲೈ 14

ಒಂದು ವಾರದಲ್ಲಿ ಬಹಳಷ್ಟು ತಿಳಿಯಿತು. ಕ್ರಮವಾಗಿ ಬರೆಯುತ್ತೇನೆ.

ಹಿಂದಿನ ಎಡ ದೀಪದಲ್ಲಿ ಬ್ರೇಕ್ ಒತ್ತಿಸಿದಾಗ 7.6 ವೋಲ್ಟ್ ಬಂತು. ಸ್ಕ್ರೂ ನೋಡಲು ಗಟ್ಟಿಯಾಗಿಯೇ ಕೂತಿತ್ತು, ಮೇಲಿನಿಂದ ಬಣ್ಣವೂ ಸರಿಯಾಗಿತ್ತು. ಸ್ಪ್ಯಾನರ್ ಹಾಕಿ ತಿರುಗಿಸಿದ್ದೇ ತಡ, ಅದರ ತಲೆ ಕೈಗೆ ಬಂತು; ಕೆಳಗೆ ತಂತಿಯ ತುದಿಯ ಲೋಹದ ಬಳೆ ಇರಬೇಕಾದ ಜಾಗದಲ್ಲಿ ಕಂದು ಪುಡಿ ಮತ್ತು ಹಸಿರು ಕಿಲುಬು ಮಾತ್ರ ಇತ್ತು. ತಂತಿಯ ಹೊದಿಕೆಯನ್ನು ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರ ಉರಿದ ದೀಪದ ಬತ್ತಿಯಂತೆ ಕಪ್ಪಗಾಗಿತ್ತು, ಬೆರಳಲ್ಲಿ ಉಜ್ಜಿದರೆ ಎಳೆಗಳು ಪುಡಿಯಾಗಿ ಉದುರುತ್ತಿದ್ದವು. ಒಂದು ಇಂಚು, ಎರಡು ಇಂಚು, ಮೂರು ಇಂಚು ಕತ್ತರಿಸುತ್ತಾ ಹೋದ ಮೇಲೆ ಕೆಂಪು ತಾಮ್ರ ಕಂಡಿತು. ಹೊರಗಿನಿಂದ ನೋಡಿದರೆ ಆ ತಂತಿಯಲ್ಲಿ ಯಾವ ಕುಂದೂ ಕಾಣುತ್ತಿರಲಿಲ್ಲ.

ಬೆಳಗ್ಗೆ ಆರು ಗಂಟೆಗೆ ಬಾನೆಟ್ ಎತ್ತಿ ಆಲ್ಟರ್ನೇಟರ್ ಮುಟ್ಟಿದೆ. ರೇಡಿಯೇಟರ್, ಎಂಜಿನ್, ಪಕ್ಕದ ಬ್ರಾಕೆಟ್ ಎಲ್ಲವೂ ಮಳೆಯ ಗಾಳಿಗೆ ತಣ್ಣಗೆ ಕೊರೆಯುತ್ತಿದ್ದವು. ಆಲ್ಟರ್ನೇಟರಿನ ಬೆನ್ನು ಮಾತ್ರ ನಿದ್ದೆಯಲ್ಲಿರುವ ಬೆಕ್ಕಿನ ಮೈಯಂತೆ ಬೆಚ್ಚಗಿತ್ತು. ಕಾರು ಹಿಂದಿನ ಸಂಜೆ ಏಳರಿಂದ ಓಡಿಯೇ ಇರಲಿಲ್ಲ. ದಪ್ಪ ತಂತಿಯನ್ನು ಕಳಚಿ ಅಳೆದಾಗ ಮೀಟರ್ 0.02ಕ್ಕೆ ಇಳಿಯಿತು, ಅದು ಸ್ಟೀರಿಯೋದ್ದು.

ವೈರ್‌ಮನ್ ಅಣ್ಣನವರ ಪ್ರಶ್ನೆಗೆ ಉತ್ತರ: ಹೌದು, ಎರಡು ಸಲ ಬ್ಯಾಟರಿ ಬದಲಿಸಿದಾಗಲೂ ಎಂಜಿನ್ ಓಡುತ್ತಿದ್ದಂತೆಯೇ ಕ್ಲ್ಯಾಂಪ್ ಎತ್ತಿ ತೋರಿಸಿದ್ದರು. ಎಂಜಿನ್ ನಿಲ್ಲಲಿಲ್ಲ, ಆದ್ದರಿಂದ ಆಲ್ಟರ್ನೇಟರ್ ಚೆನ್ನಾಗಿದೆ, ಬ್ಯಾಟರಿಯದ್ದೇ ದೋಷ ಎಂದು ನನಗೆ ವಿವರಿಸಿದರು, ನಾನೂ ನಂಬಿದೆ.

ಕಟಪಾಡಿಯ ವೈರ್‌ಮನ್, ಜುಲೈ 14

ಎಂಜಿನ್ ಚಾಲೂ ಇಟ್ಟು ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಕೆಟ್ಟದ್ದು ಖಚಿತ. ಕಡಿಮೆ ಬಂದರೂ ಸೋರಿಕೆ ಇರಬಹುದು, ಆದ್ದರಿಂದ ಬಿಚ್ಚಿಯೇ ನೋಡಬೇಕು. ಹೊಸ ಆಲ್ಟರ್ನೇಟರ್ ಕೊಳ್ಳುವ ಅವಸರ ಮಾಡಬೇಡಿ. ಡಯೋಡ್ ಪ್ಲೇಟ್ ಮಾತ್ರ ಬದಲಿಸಿಕೊಡುವವರು ಉಡುಪಿಯಲ್ಲೂ ಮಂಗಳೂರಿನಲ್ಲೂ ಇದ್ದಾರೆ. ಬಿಚ್ಚಿದಾಗ ಕಾರ್ಬನ್ ಬ್ರಶ್ ಮತ್ತು ಬೇರಿಂಗ್ ಕೂಡ ನೋಡಿಸಿ. ಬಿಚ್ಚುವ ಕೂಲಿ ಒಂದೇ, ಮತ್ತೆ ಬಿಚ್ಚುವುದು ತಪ್ಪುತ್ತದೆ.

ಅರ್ಥಿಂಗ್ ಹೊಸದಾಗಿ ಹಾಕುವ ಕ್ರಮವನ್ನೂ ಹೇಳುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಕಪ್ಪಗಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಲೇಬೇಕು. ತವರ ಲೇಪಿಸಿದ ಬಳೆಯನ್ನು ಇಕ್ಕಳದಿಂದ ಅಲ್ಲ, ಕ್ರಿಂಪಿಂಗ್ ಉಪಕರಣದಿಂದಲೇ ಒತ್ತಿಸಿ, ಅದರ ಕುತ್ತಿಗೆಗೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಬಾಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಹಲ್ಲು ಇರುವ ವಾಷರ್ ಇಟ್ಟು ಬಿಗಿಯಿರಿ. ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿಯನ್ನು ಧಾರಾಳವಾಗಿ ಹಚ್ಚಿ. ಬಿಗಿಯುವ ಮೊದಲು ಹಚ್ಚುವುದಕ್ಕಿಂತ ಲೋಹಕ್ಕೆ ಲೋಹ ಕೂತ ಮೇಲೆ ಉಪ್ಪುನೀರು ಒಳಗೆ ಹೋಗದಂತೆ ಮುಚ್ಚುವುದೇ ನನ್ನ ಪದ್ಧತಿ.

ಕಾರ್ಕಳ ಪದ್ಮಿನಿ, ಜುಲೈ 15

ಕಡಲಿನಿಂದ ದೂರವಿರುವ ನನಗೆ ಕಾಣಿಸದ ಹಸಿರು ಕಿಲುಬು ಪಡುಕೆರೆಯಲ್ಲಿ ಇಷ್ಟೊಂದು ಏಕೆ ಎಂದು ಮೇಷ್ಟ್ರು ತಿಳಿಸಬಹುದೇ? ನಮ್ಮಲ್ಲೂ ಮಳೆ ಕಡಿಮೆಯೇನಲ್ಲ.

ಓಮ್ ನಿಯಮ, ಜುಲೈ 15

ಹಿರಿಯರೇ, ಮಳೆನೀರಿಗಿಂತ ಅದರೊಂದಿಗೆ ಸೇರುವ ಉಪ್ಪೇ ಇಲ್ಲಿ ಮುಖ್ಯ. ಶುದ್ಧ ಮಳೆನೀರು ಕರೆಂಟನ್ನು ಅಷ್ಟಾಗಿ ಒಯ್ಯುವುದಿಲ್ಲ. ಅಲೆಗಳು ಒಡೆದು ಗಾಳಿಯಲ್ಲಿ ತೇಲುವ ತುಂತುರಿನಲ್ಲಿ ಉಪ್ಪು ಇರುತ್ತದೆ. ತಾಮ್ರದ ತಂತಿ, ಉಕ್ಕಿನ ಬಾಡಿ, ಸತುವಿನ ಲೇಪವಿರುವ ಸ್ಕ್ರೂ ಮೂರೂ ಒಂದೇ ಜಾಗದಲ್ಲಿ ಸೇರಿ, ಮೇಲೆ ಉಪ್ಪಿನ ಪಸೆ ಕೂತರೆ ಅದು ಒಂದು ಪುಟ್ಟ ಬ್ಯಾಟರಿಯೇ ಆಗುತ್ತದೆ. ಮೊದಲು ಸತು ಕರಗುತ್ತದೆ, ಅನಂತರ ಉಕ್ಕು. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರವನ್ನೂ ಬಿಡುವುದಿಲ್ಲ. ಆ ಹಸಿರು ಬಣ್ಣ ಅದರದ್ದೇ. ಎಳೆಗಳ ನಡುವಿನ ಸಣ್ಣ ಸಂದುಗಳು ನೀರನ್ನು ಬತ್ತಿಯಂತೆ ಮೇಲಕ್ಕೆ ಹೀರಿಕೊಳ್ಳುವುದರಿಂದ ಹೊದಿಕೆಯ ಒಳಗೂ ಮೂರು ಇಂಚು ಕಪ್ಪಗಾಗಿದೆ. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದು ಹಿಡಿದುಕೊಳ್ಳುವುದರಿಂದ ಮಳೆ ನಿಂತ ಮೇಲೂ ಆ ಜಾಗ ಒಣಗುವುದಿಲ್ಲ.

ಪಡುಕೆರೆ ನಿವಾಸಿ, ಜುಲೈ 22

ಆಲ್ಟರ್ನೇಟರನ್ನು ಉಡುಪಿಯಲ್ಲಿ ಒಬ್ಬರ ಬಳಿ ಬಿಚ್ಚಿಸಿದೆ. ಪಕ್ಕದಲ್ಲೇ ಕೂತು ನೋಡಲು ಅವರು ಸಂತೋಷದಿಂದ ಒಪ್ಪಿದರು. ಸ್ಟೇಟರಿನ (ಆಲ್ಟರ್ನೇಟರಿನ ಒಳಗೆ ಕರೆಂಟು ಹುಟ್ಟುವ ಸುರುಳಿ) ತಂತಿಗಳ ಬೆಸುಗೆ ಬಿಡಿಸಿ ಒಂದೊಂದು ಡಯೋಡನ್ನೂ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿದರು. ಒಳ್ಳೆಯವು ಒಂದು ದಿಕ್ಕಿನಲ್ಲಿ 0.5ರ ಹತ್ತಿರ ತೋರಿಸಿ, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸಲಿಲ್ಲ. ಎರಡು ಡಯೋಡುಗಳು ಹಿಮ್ಮುಖದಲ್ಲೂ ಅಂಕೆ ತೋರಿಸಿದವು. ಒಂದು ಪ್ಲಸ್ ಬದಿಯದು, ಇನ್ನೊಂದು ಮೈನಸ್ ಬದಿಯದು. ಪ್ಲೇಟ್ ಬದಲಿಸಿ, ಬ್ರಶ್ ಹೊಸದು ಹಾಕಿಸಿದೆ. ಒಟ್ಟು ಖರ್ಚು ಒಂದು ಹೊಸ ಬ್ಯಾಟರಿಯ ಅರ್ಧದಷ್ಟೂ ಆಗಲಿಲ್ಲ.

ನನಗೊಂದು ಸಂದೇಹ ಉಳಿದಿದೆ. ಎರಡು ಡಯೋಡು ಒಟ್ಟಿಗೆ ಕೆಡುವುದು ಕಾಕತಾಳೀಯವೇ?

ಓಮ್ ನಿಯಮ, ಜುಲೈ 22

ಪ್ಲಸ್ ಬದಿಯ ಒಂದೇ ಡಯೋಡ್ ಸೋರಿದರೆ ಕರೆಂಟು ಸ್ಟೇಟರಿನವರೆಗೆ ಬಂದರೂ ಮೈನಸ್ ಬದಿಯ ಒಳ್ಳೆಯ ಡಯೋಡುಗಳು ಅದನ್ನು ಬಾಡಿಗೆ ಇಳಿಯಲು ಬಿಡುವುದಿಲ್ಲ. ಎರಡೂ ಬದಿಯಲ್ಲಿ ಒಂದೊಂದು ಸೋರಿದಾಗ ದಾರಿ ಪೂರ್ತಿಯಾಗುತ್ತದೆ. ಆದ್ದರಿಂದ ಮೊದಲನೆಯದು ಎಂದೋ ಕೆಟ್ಟಿದ್ದು, ನಿಮಗೆ ಗೊತ್ತೇ ಆಗದೆ ಇದ್ದಿರಬಹುದು. ಎರಡನೆಯದು ಕೆಟ್ಟ ಮೇಲೆಯೇ ಬ್ಯಾಟರಿ ಬರಿದಾಗತೊಡಗಿತು. ಎರಡು ಬಾರಿ ಕ್ಲ್ಯಾಂಪ್ ಎತ್ತಿದ್ದೇ ಇದಕ್ಕೆ ಕಾರಣವೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. 1998ರ ಡಯೋಡು ತನ್ನ ವಯಸ್ಸಿನಿಂದಲೂ ಸೋರಬಹುದು. ಆದರೆ ಇನ್ನು ಮುಂದೆ ಯಾರಿಗೂ ಹಾಗೆ ಎತ್ತಲು ಬಿಡಬೇಡಿ.

ಹೆಡ್‌ಲೈಟ್ ಸ್ವಿಚ್ಚಿನ ಹಾದಿಯಲ್ಲಿ ಕಳೆಯುತ್ತಿದ್ದ 0.5 ವೋಲ್ಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿಸಬೇಕೇ ಎಂದು ನೀವು ಮುಂದೆ ಕೇಳಬಹುದು. ಈ ವಯಸ್ಸಿನ ಕಾರಿಗೆ ಅದು ಸಹಿಸಬಹುದಾದ ನಷ್ಟ. ಸ್ವಿಚ್ಚು ಬಿಸಿಯಾಗುತ್ತಿದ್ದರೆ ಮಾತ್ರ ರಿಲೇ ಹಾಕಿಸಿ. ಹಾಕಿಸುವುದಾದರೆ ಬ್ಯಾಟರಿಯಿಂದ ಬರುವ ಹೊಸ ತಂತಿಗೆ ಅದರದ್ದೇ ಫ್ಯೂಸ್ ಇರಲಿ.

ಪಡುಕೆರೆ ನಿವಾಸಿ, ಆಗಸ್ಟ್ 4

ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಹೋಗುವ ತೆಳು ತಂತಿಯೂ ಅದೇ ಸ್ಥಿತಿಯಲ್ಲಿತ್ತು. ಗೇರ್‌ಬಾಕ್ಸಿಗೆ ಹೋಗುವ ದಪ್ಪ ಕೇಬಲ್ ಚೆನ್ನಾಗಿದ್ದುದರಿಂದಲೇ, ಬ್ಯಾಟರಿ ತುಂಬಿದ್ದಾಗ ಸೆಲ್ಫ್ ಇಷ್ಟು ದಿನ ತೊಂದರೆ ಕೊಟ್ಟಿರಲಿಲ್ಲ. ವೈರ್‌ಮನ್ ಅಣ್ಣನವರು ಹೇಳಿದ ಕ್ರಮದಲ್ಲೇ ಎರಡೂ ಕಡೆ ಹೊಸ ಅರ್ಥಿಂಗ್ ಹಾಕಿದ್ದೇನೆ. ಬ್ಯಾಟರಿ ಕಂಬಗಳ ಮೇಲಿನ ಬಿಳಿ ಪೊರೆಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಿದೆ.

ಈಗಿನ ಅಳತೆಗಳು: ಮೈನಸ್ ಕಂಬಕ್ಕೂ ಬಾಡಿಗೂ ನಡುವೆ ಪೂರ್ತಿ ಭಾರದಲ್ಲಿ 0.06, ಹೆಡ್‌ಲೈಟ್ ಪಿನ್ನುಗಳಲ್ಲಿ 13.0, ಹಿಂದಿನ ದೀಪದ ಅರ್ಥಿಂಗಿನಲ್ಲಿ 0.03, ನಿಂತ ಕಾರಿನ ಸೋರಿಕೆ 0.02. ಡ್ಯಾಶ್‌ಬೋರ್ಡಿನ ಬಾಣ ಬ್ರೇಕ್ ಒತ್ತಿದಾಗ ಬೆಳಗುವುದಿಲ್ಲ. ಕಳೆದ ವಾರ ತಂಗಿಯ ಮನೆಗೆಂದು ಬಸ್ಸಿನಲ್ಲಿ ಶಿರಸಿಗೆ ಹೋಗಿ ಆರು ದಿನ ಬಿಟ್ಟು ಬಂದೆ. ಕೀಲಿ ತಿರುಗಿಸುವ ಮೊದಲು ಬ್ಯಾಟರಿ 12.5 ತೋರಿಸಿತು, ಅರ್ಧ ಸುತ್ತಿಗೇ ಎಂಜಿನ್ ಹಿಡಿಯಿತು. ನಿನ್ನೆ ರಾತ್ರಿ ಸುರಿಮಳೆಯಲ್ಲಿ ಮೂಲ್ಕಿಯಿಂದ ಮಲ್ಪೆಯವರೆಗೆ ಬಂದೆ. ರಸ್ತೆಯ ಅಂಚಿನ ಬಿಳಿ ಗೆರೆ ಎಷ್ಟೋ ವರ್ಷಗಳ ನಂತರ ಸ್ಪಷ್ಟವಾಗಿ ಕಂಡಿತು.

ಹಿಂದಿನ ಬಲ ದೀಪದ ಸ್ಕ್ರೂ ಹೊರಗಿನಿಂದ ಸರಿಯಾಗಿಯೇ ಕಾಣುತ್ತಿದೆ, ಅಳತೆಯೂ 0.2 ಮಾತ್ರ ಇದೆ. ಎಡದ್ದನ್ನು ಕಂಡ ಮೇಲೆ ಹಾಗೆಯೇ ಬಿಡಲು ಮನಸ್ಸಾಗುತ್ತಿಲ್ಲ. ಸ್ಲೀವ್ ಮತ್ತು ಬಳೆ ಉಳಿದಿವೆ, ಈ ಭಾನುವಾರ ಅದನ್ನೂ ಬಿಚ್ಚುತ್ತೇನೆ.